ಹೊಗೆ ಅಲ್ಲ, ಬರೀ ಆವಿ ತಾನೇ? ವೇಪ್‌ನಿಂದ ನಾಯಿ, ಬೆಕ್ಕಿಗೆ ಏನಾಗುತ್ತೆ?

ಪ್ರಶ್ನೆ: ನಾನು ಸಿಗರೇಟು ಬಿಟ್ಟು ವೇಪ್ (ಇ-ಸಿಗರೇಟು) ಶುರುಮಾಡಿದ್ದೇನೆ. ಮನೆಯಲ್ಲಿ ಒಂದು ಪುಟ್ಟ ನಾಯಿ, ಒಂದು ಬೆಕ್ಕು ಇವೆ. ಎರಡೂ ಸೋಫಾದಲ್ಲಿ ನನ್ನ ಪಕ್ಕದಲ್ಲೇ ಮಲಗುತ್ತವೆ. ಇದರಲ್ಲಿ ಹೊಗೆ ಇಲ್ಲ, ಬರೀ ಆವಿ ಅಲ್ವಾ? ಅವುಗಳ ಪಕ್ಕ ಕೂತು ವೇಪ್ ಮಾಡಿದರೆ ತೊಂದರೆ ಇದೆಯಾ?

ಉತ್ತರ: ತೊಂದರೆ ಇದೆ. ಆದರೆ ನೀವು ಹುಡುಕುತ್ತಿರುವ ಕಡೆ ಅಲ್ಲ. ನೀವು ಬಾಯಿಂದ ಬಿಡುವ ಆವಿಗಿಂತ, ಸೋಫಾ ಮೇಲೆ ಇಟ್ಟು ಮರೆತ ಪಾಡ್ (ವೇಪ್‌ನ ನಿಕೋಟಿನ್ ದ್ರವ ತುಂಬಿದ ಪುಟ್ಟ ಡಬ್ಬಿ), ಮುಚ್ಚಳ ಸಡಿಲವಾದ ರೀಫಿಲ್ ಬಾಟಲಿ, ಕಸದ ಬುಟ್ಟಿಗೆ ಎಸೆದ ಹಳೇ ವೇಪ್ ಜಾಸ್ತಿ ಅಪಾಯ. ಹಾಗಾಗಿ ಮೊದಲು ದ್ರವದ ವಿಷಯ, ಆಮೇಲೆ ಆವಿ.

ನಿಮ್ಮ ಬಾಟಲಿಯ ಲೇಬಲ್ ನೋಡಿ. ಒಂದು ಮಿಲಿಲೀಟರ್‌ಗೆ ಎಷ್ಟು ಮಿಲಿಗ್ರಾಂ ನಿಕೋಟಿನ್ ಅಂತ ಬರೆದಿರುತ್ತದೆ. 20 ಇದೆ ಅಂದುಕೊಳ್ಳಿ. ನಾಯಿಯ ತೂಕದ ಪ್ರತಿ ಕೆಜಿಗೆ ಸುಮಾರು 1 ಮಿಲಿಗ್ರಾಂ ನಿಕೋಟಿನ್ ಒಳಗೆ ಹೋದರೆ ವಿಷದ ಲಕ್ಷಣಗಳು ಕಾಣಿಸಬಹುದು. ಅದು 9 ಮಿಲಿಗ್ರಾಂ ಆಸುಪಾಸಿಗೆ ಬಂದರೆ ಜೀವಕ್ಕೇ ಕುತ್ತು. ಈಗ 5 ಕೆಜಿ ತೂಕದ ನಾಯಿಗೆ ಲೆಕ್ಕ ಹಾಕಿ. ಕಾಯಿಲೆ ಬೀಳಲು ಕಾಲು ಮಿಲಿಲೀಟರ್ ಸಾಕು, ಅಂದರೆ ಹೆಚ್ಚುಕಮ್ಮಿ ಐದು ಹನಿ. ಸಾಯುವ ಮಟ್ಟಕ್ಕೆ ಹೋಗಲು ಅರ್ಧ ಟೀ ಚಮಚ ಕೂಡ ಬೇಡ. 10 ಮಿಲಿಲೀಟರ್ ಬಾಟಲಿಯಲ್ಲಿ 200 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಮಿಲಿಲೀಟರ್‌ಗೆ 50 ಮಿಲಿಗ್ರಾಂ ಇರುವ ಸ್ಟ್ರಾಂಗ್ ದ್ರವವಾದರಂತೂ ಒಂದು ಮಿಲಿಲೀಟರ್ ಒಳಗೇ ಕಥೆ ಮುಗಿಯಬಹುದು.

ನಾಯಿ ಸಿಗರೇಟು ತಿಂದರೂ ಅಪಾಯವೇ. ಆದರೆ ಎಲೆಯಿಂದ ನಿಕೋಟಿನ್ ಹೊರಬರಲು ಸ್ವಲ್ಪ ಹೊತ್ತು ಬೇಕು. ಹೊಟ್ಟೆಯ ಆಮ್ಲವೂ ಅದು ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಎಷ್ಟೋ ಸಲ ಅಷ್ಟರಲ್ಲಿ ನಾಯಿ ವಾಂತಿ ಮಾಡಿರುತ್ತದೆ. ದ್ರವದಲ್ಲಿ ಈ ಅವಕಾಶ ಇಲ್ಲ. ನಾಯಿ ಪಾಡ್ ಕಚ್ಚುತ್ತದೆ, ಪ್ಲಾಸ್ಟಿಕ್ ಟಪ್ ಅಂತ ಒಡೆಯುತ್ತದೆ, ದ್ರವ ಸೀದಾ ವಸಡು, ನಾಲಿಗೆಗೆ ಮೆತ್ತಿಕೊಳ್ಳುತ್ತದೆ. ಅಲ್ಲಿಂದಲೇ ರಕ್ತಕ್ಕೆ ಇಳಿಯಲು ಶುರು. ಮೇಲಿಂದ ಮಾವು, ವೆನಿಲಾ, ಸ್ಟ್ರಾಬೆರಿ ಪರಿಮಳ ಬೇರೆ. ಮೂಗಿನ ಮೇಲೇ ಬದುಕುವ ಪ್ರಾಣಿ ಅದನ್ನು ಬಿಡುತ್ತದೆಯೇ?

ಲಕ್ಷಣಗಳು ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ಮೊದಲು ಜೊಲ್ಲು, ವಾಂತಿ, ಭೇದಿ, ಕೂತಲ್ಲಿ ಕೂರಲಾಗದ ಚಡಪಡಿಕೆ. ಎದೆಬಡಿತ ಜೋರಾಗುತ್ತದೆ, ಮೈ ನಡುಗುತ್ತದೆ, ನಡೆದರೆ ಓಲಾಡುತ್ತದೆ. ಡೋಸ್ ಜಾಸ್ತಿಯಾಗಿದ್ದರೆ ಫಿಟ್ಸ್ ಬರುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ, ಸಾವು ಬರುವುದು ಹೆಚ್ಚಾಗಿ ಅಲ್ಲಿಂದಲೇ.

‘ನನ್ನದು ನಿಕೋಟಿನ್ ಇಲ್ಲದ ವೇಪ್’ ಎನ್ನುವವರೂ ಇದ್ದಾರೆ. ಅದರೊಳಗೂ ಲಿಥಿಯಂ ಬ್ಯಾಟರಿ ಇದೆಯಲ್ಲ. ಕಚ್ಚಿ ಒಡೆದರೆ ಬಾಯಿ ಸುಡುತ್ತದೆ. ನುಂಗಿದರೆ ಅನ್ನನಾಳಕ್ಕೂ ಗಾಯವಾಗಬಹುದು. ಕೆಲವು ದ್ರವಗಳಿಗೆ ಸಿಹಿಗಾಗಿ ಕ್ಸೈಲಿಟಾಲ್ ಹಾಕಿರುವುದೂ ಉಂಟು. ಮನುಷ್ಯರಿಗೆ ಅದು ಮಾಮೂಲು ಸಿಹಿ, ನಾಯಿಗೆ ಮಾತ್ರ ರಕ್ತದ ಸಕ್ಕರೆಯನ್ನು ದಿಢೀರ್ ಅಂತ ಇಳಿಸುವ ವಿಷ.

ಈಗ ಆವಿಗೆ ಬರೋಣ. ಹೆಸರಿಗೆ ಆವಿ, ಅಷ್ಟೇ. ಕುದಿಯುವ ನೀರಿನ ಆವಿಗೂ ಇದಕ್ಕೂ ಸಂಬಂಧ ಇಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಪರಿಮಳದ ರಾಸಾಯನಿಕಗಳು, ದ್ರವವನ್ನು ಕಾಯಿಸುವ ತಂತಿಸುರುಳಿಯಿಂದ (ಕಾಯಿಲ್) ಬಂದ ಲೋಹದ ಕಣಗಳು, ಇವೆಲ್ಲ ಸೇರಿದ ಸಣ್ಣ ಸಣ್ಣ ಹನಿಗಳು ಅವು. ಸಿಗರೇಟಿನ ಹೊಗೆಗಿಂತ ಇದರಲ್ಲಿ ಹಾನಿಕಾರಕ ವಸ್ತುಗಳು ಕಡಿಮೆ, ನಿಜ. ಹಾಗಂತ ಇಲ್ಲವೇ ಇಲ್ಲ ಅಂತಲ್ಲ. ಗಾಳಿಯಲ್ಲಿ ಕಣ್ಣಿಗೆ ಕಾಣದಂತಾದ ಮೇಲೆ ಆ ಹನಿಗಳು ಸೋಫಾ, ಕಾರ್ಪೆಟ್, ಹೊದಿಕೆ, ಪ್ರಾಣಿಗಳ ಕೂದಲ ಮೇಲೆ ಕೂರುತ್ತವೆ.

ಇಲ್ಲಿ ನಾಯಿಗಿಂತ ಬೆಕ್ಕಿನ ಪಾಡು ಕಷ್ಟ. ಬೆಕ್ಕು ಎಚ್ಚರವಿರುವ ಹೊತ್ತಲ್ಲಿ ದೊಡ್ಡ ಪಾಲು ಮೈ ನೆಕ್ಕುವುದರಲ್ಲೇ ಕಳೆಯುತ್ತದೆ. ಕೂದಲ ಮೇಲೆ ಕೂತಿದ್ದೆಲ್ಲ ಹೊಟ್ಟೆಗೆ. ಪ್ರೊಪಿಲೀನ್ ಗ್ಲೈಕಾಲ್ ಬೆಕ್ಕಿಗೆ ಆಗಿಬರುವುದಿಲ್ಲ. ಬೆಕ್ಕಿನ ಕೆಂಪು ರಕ್ತಕಣಗಳಿಗೆ ಅದು ಹಾನಿ ಮಾಡುತ್ತದೆ ಎಂಬ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1996ರಲ್ಲಿ ಬೆಕ್ಕಿನ ಆಹಾರದಲ್ಲಿ ಅದರ ಬಳಕೆಯನ್ನೇ ನಿಷೇಧಿಸಿತು. ಆಹಾರದಲ್ಲಿ ಹಾಕುತ್ತಿದ್ದ ಪ್ರಮಾಣಕ್ಕೆ ಹೋಲಿಸಿದರೆ ಆವಿಯಲ್ಲಿ ಬರುವುದು ತೀರಾ ಕಮ್ಮಿ, ಆದ್ದರಿಂದ ಗಾಬರಿ ಬೇಡ. ಆದರೆ ರೀಫಿಲ್ ಮಾಡುವಾಗ ಚೆಲ್ಲಿದ ದ್ರವದ ಮೇಲೆ ಬೆಕ್ಕು ಕಾಲಿಟ್ಟು ಪಾದ ನೆಕ್ಕಿಕೊಂಡರೆ ಆಗ ನಿಕೋಟಿನ್ನೂ ಜೊತೆಗೇ ಹೋಗುತ್ತದೆ. ಅದು ಖಂಡಿತ ಗಾಬರಿ ಪಡಬೇಕಾದ ವಿಷಯ. ಇನ್ನು ಆಸ್ತಮಾ ಇರುವ ಬೆಕ್ಕಿನ ಹತ್ತಿರ ವೇಪ್ ಮಾಡಲೇಬೇಡಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮನೆಯಲ್ಲಿ ಹಕ್ಕಿ ಇದ್ದರೆ ನನ್ನ ಲೆಕ್ಕಾಚಾರ ತಿರುವುಮುರುವು. ಹಕ್ಕಿಗೆ ಆವಿಯೇ ದೊಡ್ಡ ಅಪಾಯ. ಅದರ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ, ಉಸಿರು ಎಳೆದಾಗಲೂ ಬಿಟ್ಟಾಗಲೂ ತಾಜಾ ಗಾಳಿ ಸಿಗುತ್ತದೆ. ಆಮ್ಲಜನಕವನ್ನು ಅಷ್ಟು ಚೆನ್ನಾಗಿ ಹೀರುವ ಅಂಗ ಗಾಳಿಯಲ್ಲಿರುವ ಬೇರೆಲ್ಲವನ್ನೂ ಹಾಗೇ ಹೀರುತ್ತದೆ. ಗಿಳಿ ಇರುವ ಕೋಣೆಯಲ್ಲಿ ಕಿಟಕಿ ತೆಗೆದಿಟ್ಟರೂ ವೇಪ್ ಬೇಡ.

ಹಾಗಾದರೆ ಏನು ಮಾಡಬೇಕು? ವೇಪ್ ಮಾಡುವುದಾದರೆ ಹೊರಗೆ ಹೋಗಿ ಮಾಡಿ, ಬಂದು ಕೈ ತೊಳೆದು ಆಮೇಲೆ ಪ್ರಾಣಿಗಳನ್ನು ಮುಟ್ಟಿ. ಎತ್ತರದ ಶೆಲ್ಫ್ ನಾಯಿಗೆ ಸರಿ, ಬೆಕ್ಕಿಗೆ ಅದು ಲೆಕ್ಕಕ್ಕೇ ಇಲ್ಲ. ಬೀಗ ಬೀಳುವ ಡ್ರಾಯರ್ ಬೇಕು. ಜೇಬಿನಲ್ಲಿ ಪಾಡ್ ಇರುವ ಜಾಕೆಟ್ಟನ್ನು ಕುರ್ಚಿ ಮೇಲೆ ಎಸೆಯಬೇಡಿ. ಖಾಲಿ ಅಂತ ಎಸೆಯುವ ಪಾಡ್‌ನಲ್ಲೂ ಹತ್ತಿಯಂಥ ಬತ್ತಿ ದ್ರವ ಹಿಡಿದುಕೊಂಡಿರುತ್ತದೆ, ಅದನ್ನು ತೆರೆದ ಬುಟ್ಟಿಗೆ ಹಾಕಬೇಡಿ.

ನಾಯಿ ವೇಪ್ ಅಥವಾ ಪಾಡ್ ಕಚ್ಚಿದ್ದು ಕಂಡರೆ ಲಕ್ಷಣ ಬರಲಿ ಅಂತ ಸುಮ್ನೆ ಕಾಯಬೇಡಿ, ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ಬಾಯಲ್ಲಿ ಉಳಿದ ಚೂರು ತೆಗೆಯಿರಿ. ಅದಕ್ಕೆ ಎಚ್ಚರ ಇದ್ದರೆ ಮಾತ್ರ ಬಾಯಿಯನ್ನು ನೀರಿನಿಂದ ಒರೆಸಿ. ಮೈಮೇಲೆ ಚೆಲ್ಲಿದ್ದರೆ ಕೈಗವಸು ಹಾಕಿ ಸೋಪಿನಲ್ಲಿ ತೊಳೆಯಿರಿ, ನಿಕೋಟಿನ್ ನಿಮ್ಮ ಚರ್ಮದಿಂದಲೂ ಒಳಗೆ ಹೋಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆ್ಯಂಟಾಸಿಡ್ ಅಂತೂ ಕೊಡಲೇಬೇಡಿ. ನಿಕೋಟಿನ್‌ಗೆ ತಡೆಯೊಡ್ಡುವ ಹೊಟ್ಟೆಯ ಆಮ್ಲವನ್ನು ನೀವೇ ಇಳಿಸಿದಂತಾಗುತ್ತದೆ.

ಬಾಟಲಿ ಅಥವಾ ಒಡೆದ ಪಾಡನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಅದರಲ್ಲಿ ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಅದರ ಲಕ್ಷಣ ಬೇರೆ, ನಿಗಾ ಇಡುವ ರೀತಿಯೂ ಬೇರೆ. ನಿಕೋಟಿನ್ ಮಾತ್ರ ಆಗಿದ್ದರೆ, ಚಿಕಿತ್ಸೆ ಸಿಕ್ಕು ಮೊದಲ ನಾಲ್ಕೈದು ಗಂಟೆ ದಾಟಿದ ನಾಯಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.