ಬಚ್ಚಿಟ್ಟ ಭಾವವನ್ನು ಮುಖದಿಂದ ಅಳೆಯಬಹುದೇ?

ಪ್ರಶ್ನೆ: ಮನಸ್ಸಿನಲ್ಲಿರುವುದನ್ನು ಎಷ್ಟೇ ಮುಚ್ಚಿಟ್ಟರೂ ಅದು ಮುಖದಲ್ಲಿ ಕ್ಷಣಕಾಲ ಮಿಂಚಿ ಮರೆಯಾಗುತ್ತದೆ ಎನ್ನುತ್ತಾರೆ. ಅದನ್ನು ಅಳೆಯುವುದು ಹೇಗೆ? ಅದರಿಂದ ಸುಳ್ಳು ಹೇಳುವವರನ್ನು ಹಿಡಿಯಬಹುದೇ?

ಉತ್ತರ: ಮಿಂಚುವುದು ನಿಜ. ಹ್ಯಾಗರ್ಡ್ ಮತ್ತು ಐಸಾಕ್ಸ್ ಎಂಬ ಸಂಶೋಧಕರು ಮನೋಚಿಕಿತ್ಸೆಯ ಚಿತ್ರೀಕರಣಗಳನ್ನು ನಿಧಾನಗತಿಯಲ್ಲಿ ನೋಡುವಾಗ ಇಂಥ ಚಹರೆಗಳನ್ನು ಗಮನಿಸಿ 1966ರಲ್ಲಿ ಬರೆದರು. ಇವನ್ನು ಸೂಕ್ಷ್ಮ ಮುಖಭಾವಗಳು ಎನ್ನುತ್ತಾರೆ. ಸಾಮಾನ್ಯವಾಗಿ ಅರ್ಧ ಸೆಕೆಂಡು ಮೀರುವುದಿಲ್ಲ. ಕೆಲವು ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಲ್ಲೇ ಮುಗಿದುಹೋಗುತ್ತವೆ. ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾಗೆ ಅದು ಒಂದೇ ಚಿತ್ರ. ಆದ್ದರಿಂದಲೇ ಪ್ರಯೋಗಾಲಯಗಳಲ್ಲಿ ಸೆಕೆಂಡಿಗೆ 200 ಚಿತ್ರ ತೆಗೆಯುವ ಕ್ಯಾಮೆರಾ ಬಳಸುತ್ತಾರೆ. ಅದೇ ಮಿಂಚು ಆಗ ಎಂಟು ಚಿತ್ರಗಳಲ್ಲಿ ಹರಡಿಕೊಳ್ಳುತ್ತದೆ.

ಅಳತೆಗೋಲು ಸಿಕ್ಕಿದ್ದು 1978ರಲ್ಲಿ. ಮನೋವಿಜ್ಞಾನಿಗಳಾದ ಪಾಲ್ ಎಕ್‌ಮನ್ ಮತ್ತು ವ್ಯಾಲೇಸ್ ಫ್ರೀಸನ್ ಮುಖದ ಒಂದೊಂದು ಚಲನೆಗೂ ಒಂದೊಂದು ಸಂಖ್ಯೆ ಕೊಟ್ಟರು. ಹುಬ್ಬು ಗಂಟಿಕ್ಕಿ ಕೆಳಗಿಳಿದರೆ 4, ಕೆನ್ನೆ ಮೇಲೇರಿದರೆ 6, ತುಟಿಯ ಅಂಚು ಮೇಲಕ್ಕೆ ಸೆಳೆದರೆ 12. ಚಲನೆಯ ಬಲಕ್ಕೆ ಐದು ಹಂತಗಳಿವೆ. ಈ ಪದ್ಧತಿಯಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಅದರ ಸಂಯಮ: ಗುರುತು ಹಾಕುವವರು ‘4’ ಎಂದು ಬರೆಯುತ್ತಾರೆ, ‘ಕೋಪ’ ಎಂದು ಬರೆಯುವುದಿಲ್ಲ. ಗಂಟಿಕ್ಕಿದ ಹುಬ್ಬಿನ ಹಿಂದೆ ಕೋಪವಿರಬಹುದು, ಗಾಢ ಯೋಚನೆಯಿರಬಹುದು, ಕಣ್ಣಿಗೆ ಬಿದ್ದ ಬಿಸಿಲೂ ಇರಬಹುದು.

ಕ್ಯಾಮೆರಾಗೂ ಕಾಣದ ಚಲನೆಗಳಿವೆ. ಹುಬ್ಬು ಮತ್ತು ಕೆನ್ನೆಯ ಚರ್ಮದ ಮೇಲೆ ಪುಟ್ಟ ವಿದ್ಯುದ್ವಾರಗಳನ್ನು ಅಂಟಿಸಿದರೆ, ಮುಖ ಅಲುಗದಿದ್ದಾಗಲೂ ಸ್ನಾಯುವಿನ ಕ್ಷೀಣ ವಿದ್ಯುತ್ ಸಂಕೇತ ದಾಖಲಾಗುತ್ತದೆ. ಆದರೆ ಮುಖಕ್ಕೆ ತಂತಿ ಅಂಟಿಸಿಕೊಂಡವರು ಸಹಜವಾಗಿರುವುದು ಕಷ್ಟ.

ಇನ್ನು ಸುಳ್ಳಿನ ಮಾತು. 2008ರಲ್ಲಿ ಪ್ರಕಟವಾದ ಪೋರ್ಟರ್ ಮತ್ತು ಟೆನ್ ಬ್ರಿಂಕ್ ಅವರ ಅಧ್ಯಯನದಲ್ಲಿ, ಚಿತ್ರಗಳನ್ನು ನೋಡುತ್ತಾ ಭಾವ ಮರೆಸಲು ಅಥವಾ ನಟಿಸಲು ಜನರಿಗೆ ಹೇಳಲಾಗಿತ್ತು. ವಿಶ್ಲೇಷಿಸಿದ 697 ಮುಖಭಾವಗಳಲ್ಲಿ ಸೂಕ್ಷ್ಮ ಮುಖಭಾವ ಕಂಡದ್ದು ಸುಮಾರು ಶೇ. 2ರಲ್ಲಿ, ಅದೂ ಮುಖದ ಮೇಲ್ಭಾಗ ಅಥವಾ ಕೆಳಭಾಗದಲ್ಲಿ ಮಾತ್ರ. ಬಹುಪಾಲು ಮುಚ್ಚಿಟ್ಟ ಭಾವ ಹೀಗೆ ಮಿಂಚುವುದೇ ಇಲ್ಲ. ಮಿಂಚಿದರೂ, ನಿಜ ಹೇಳುತ್ತಿರುವವರ ಮುಖದಲ್ಲೂ ಭಯ ಸುಳಿಯಬಹುದು, ತಮ್ಮನ್ನು ಯಾರೂ ನಂಬುವುದಿಲ್ಲವೇನೋ ಎಂಬ ಭಯ. ಸಿಕ್ಕಿಬೀಳುವೆನೆಂಬ ಸುಳ್ಳುಗಾರನ ಭಯಕ್ಕೂ ಈ ಭಯಕ್ಕೂ ಸ್ನಾಯುಗಳು ಅವೇ, ಸಂಖ್ಯೆಗಳೂ ಅವೇ. ವಿಚಾರಣೆಯಲ್ಲಾಗಲಿ ಉದ್ಯೋಗ ಸಂದರ್ಶನದಲ್ಲಾಗಲಿ ಇದನ್ನು ಪುರಾವೆಯೆಂದು ಹಿಡಿಯುವುದು ಅನ್ಯಾಯ ಎಂದೇ ನನ್ನ ದೃಢ ಅಭಿಪ್ರಾಯ.