ಪೆನ್ನು ನಿಂತ ಸಾಲು

ಹೋದ ವರ್ಷ ಮಾವಿನ ಕಾಲದಲ್ಲಿ ಕೋಲಾರದ ನಮ್ಮ ಬ್ಲಡ್ ಬ್ಯಾಂಕಿಗೆ ಒಬ್ಬ ಹುಡುಗ ಬಂದ. ಅಕ್ಕನಿಗೆ ಹೆರಿಗೆ, ರಕ್ತ ಬೇಕಿತ್ತು. ಜೊತೆಗೆ ಭಾವ, ಚಿಕ್ಕಪ್ಪ, ಊರಿನ ಇನ್ನಿಬ್ಬರು. ರಕ್ತ ಕೊಡುವವರು ತುಂಬಬೇಕಾದ ಫಾರಂ ಕೊಟ್ಟೆ. ಒಂದೇ ನಿಮಿಷದಲ್ಲಿ ಎಲ್ಲ ಪ್ರಶ್ನೆಗೂ ‘ಇಲ್ಲ’ ಅಂತ ಟಿಕ್ ಹಾಕಿ ವಾಪಸ್ ಕೊಟ್ಟ. ಒಂದು ಸಾಲಿನ ಹತ್ತಿರ ಮಾತ್ರ ಪೆನ್ನು ನಿಂತಿತ್ತು, ಅಲ್ಲಿ ಶಾಯಿ ಚುಕ್ಕೆ ದಪ್ಪಗಾಗಿತ್ತು. ಭಾವ ಅವನ ಹೆಗಲ ಹಿಂದೆಯೇ ನಿಂತು ನೋಡುತ್ತಿದ್ದರು.

ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಮತ್ತೆ ಕೇಳಿದೆ. ತಲೆ ತಗ್ಗಿಸಿದ. “ಎರಡು ವಾರದ ಹಿಂದೆ ಸಾರ್, ಬೆಂಗಳೂರಲ್ಲಿ. ಕಾಂಡೋಮ್ ಇರಲಿಲ್ಲ. ಹೇಗಿದ್ರೂ ನೀವು ಟೆಸ್ಟ್ ಮಾಡ್ತೀರಲ್ಲ?”

ಮಾಡ್ತೀವಿ. ಪ್ರತಿ ಬ್ಯಾಗಿಗೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದು ಪರೀಕ್ಷೆ ಕಡ್ಡಾಯ. ಆದರೆ ವೈರಸ್ ಮೈಗೆ ಸೇರಿದ ದಿನವೇ ಪರೀಕ್ಷೆಗೆ ಸಿಗೋದಿಲ್ಲ. ಎಚ್‌ಐವಿಗೆ ನಮ್ಮ ದೇಹ ಪ್ರತಿಕಾಯ (ವೈರಸ್ ವಿರುದ್ಧ ಹೋರಾಡಲು ದೇಹವೇ ತಯಾರಿಸುವ ವಸ್ತು, ಆಂಟಿಬಾಡಿ) ಮಾಡಿಕೊಳ್ಳಲು ಸುಮಾರು 3–4 ವಾರ ಬೇಕು, ಕೆಲವರಲ್ಲಿ ಇನ್ನೂ ಜಾಸ್ತಿ. ಪ್ರತಿಕಾಯ ಹುಡುಕುವ ಪರೀಕ್ಷೆ ಅಲ್ಲಿಯವರೆಗೂ ‘ಏನೂ ಇಲ್ಲ’ ಅನ್ನುತ್ತದೆ, ಆದರೆ ರಕ್ತದಲ್ಲಿ ವೈರಸ್ ಇರುತ್ತದೆ. ಇದನ್ನೇ ವಿಂಡೋ ಪೀರಿಯಡ್ ಅಂತೀವಿ. ವೈರಸ್ಸನ್ನೇ ನೇರವಾಗಿ ಹುಡುಕುವ ನ್ಯಾಟ್ ಅನ್ನುವ ಪರೀಕ್ಷೆ ಈ ಕಾಲವನ್ನು ಸುಮಾರು 10 ದಿನಕ್ಕೆ ಇಳಿಸುತ್ತದೆ. ಅದು ಎಲ್ಲ ಕಡೆ ಇಲ್ಲ, ಇದ್ದ ಕಡೆಯೂ ಸೊನ್ನೆಗೆ ತರೋದಿಲ್ಲ. ಒಂದು ಬ್ಯಾಗನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬೇರ್ಪಡಿಸಿದರೆ ಅದು ಮೂವರು ರೋಗಿಗಳಿಗೆ ಹೋಗಬಹುದು. ಆ ಖಾಲಿ ದಿನಗಳಲ್ಲಿ ಅವರನ್ನು ಕಾಯೋದು ನಿಮ್ಮ ಬಾಯಿಂದ ಬರುವ ನಿಜ ಒಂದೇ.

ಯಾರಿಗೆ ಅಪಾಯ ಜಾಸ್ತಿ ಅಂತ ಕೇಳಿದರೆ ಜನ ಟೊಮೆಟೊ ಮಂಡಿಯ ಲಾರಿ ಡ್ರೈವರುಗಳ ಕಡೆ ಕೈ ತೋರಿಸುತ್ತಾರೆ. ಕಾಲೇಜು ಹುಡುಗ ಅಂದರೆ ಸುಮ್ನೆ ನಂಬುತ್ತಾರೆ. ನನಗೆ ಇದು ಬೇಸರ ತರಿಸುತ್ತದೆ. ಕಸುಬು ನೋಡಿ ಸೋಂಕು ಬರೋದಿಲ್ಲ. ಒಬ್ಬರಿಗಿಂತ ಜಾಸ್ತಿ ಸಂಗಾತಿಗಳು, ಕಾಂಡೋಮ್ ಇಲ್ಲದ ಸಂಬಂಧ, ಸಂಗಾತಿಗೆ ಸೋಂಕು, ಮೊದಲೇ ಬಂದುಹೋದ ಗುಪ್ತರೋಗ, ಸೂಜಿ ಹಂಚಿಕೊಂಡು ಚುಚ್ಚಿಕೊಳ್ಳುವ ನಶೆ: ನಾವು ಕೇಳೋದು ಇವನ್ನು. ಮದುವೆಯಾದ ಎಷ್ಟೋ ಹೆಣ್ಣುಮಕ್ಕಳಿಗೆ ಗಂಡನೊಬ್ಬನನ್ನು ಬಿಟ್ಟರೆ ಬೇರೆ ದಾರಿಯಿಂದ ಸೋಂಕು ಬಂದಿರೋದಿಲ್ಲ, ಅವರಿಗೆ ಅದು ಗೊತ್ತೂ ಇರೋದಿಲ್ಲ. ಹೆಪಟೈಟಿಸ್ ಬಿ ಅಂದರೆ ಬರೀ ಕಾಮಾಲೆ ಅಂದುಕೊಂಡವರು ಬಹಳ. ಅದು ದೇಹಸಂಬಂಧದಿಂದಲೂ ಹರಡುತ್ತದೆ, ಎಚ್‌ಐವಿಗಿಂತ ಸುಲಭವಾಗಿ. ಅದಕ್ಕೆ ಲಸಿಕೆ ಇದೆ, ಹಾಕಿಸಿಕೊಳ್ಳಿ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡಿದ್ದರೆ ಒಂದು ವರ್ಷ ರಕ್ತ ಕೊಡಬೇಡಿ.

ಹಣಕ್ಕೆ ರಕ್ತ ಮಾರುವುದು 1998ರ ಜನವರಿ 1ರಿಂದ ನಮ್ಮ ದೇಶದಲ್ಲಿ ನಿಷೇಧ. ಅದು ಒಳ್ಳೆಯದಾಯಿತು. ಆದರೆ ‘ನಿಮ್ಮ ಕಡೆಯವರು ಯಾರಾದರೂ ಒಂದು ಯೂನಿಟ್ ಕೊಡಿ’ ಅನ್ನುವ ಪದ್ಧತಿಯಲ್ಲಿ ಬೇರೊಂದು ಒತ್ತಡ ಇದೆ. ಇಡೀ ಮನೆ ಬಾಗಿಲಲ್ಲಿ ನಿಂತಿರುವಾಗ ‘ನನ್ನ ರಕ್ತ ಬೇಡ’ ಅನ್ನೋದು ಕಷ್ಟ ಅಲ್ವಾ? ನಾನು ಮೊದಲು ಕೆಲಸ ಮಾಡಿದ ಕಡೆ ಈ ಪ್ರಶ್ನೆಗಳನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿ ಜೋರಾಗಿ ಕೇಳುತ್ತಿದ್ದರು. ಅಲ್ಲಿ ಯಾರು ತಾನೇ ನಿಜ ಹೇಳುತ್ತಾರೆ? ನಿಮಗೂ ಹಾಗೆ ಕೇಳಿದರೆ “ಒಳಗೆ ಮಾತಾಡೋಣ” ಅನ್ನಿ. ಅದು ನಿಮ್ಮ ಹಕ್ಕು.

ಟೆಸ್ಟ್ ಮಾಡಿಸಿಕೊಳ್ಳಲೆಂದೇ ರಕ್ತ ಕೊಡಲು ಬರಬೇಡಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿ ಇಡುತ್ತಾರೆ. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿದರೂ ಮಾಹಿತಿ ಸಿಗುತ್ತದೆ. ಅಪಾಯದ ಸಂಪರ್ಕ ಆಗಿ 72 ಗಂಟೆ ದಾಟಿಲ್ಲವಾದರೆ ತಡ ಮಾಡದೆ ಡಾಕ್ಟರ ಹತ್ತಿರ ಓಡಿ, ಸೋಂಕು ತಡೆಯುವ ಮಾತ್ರೆಗಳಿವೆ.

ಆ ಹುಡುಗನಿಗೆ 72 ಗಂಟೆ ಯಾವಾಗಲೋ ಕಳೆದಿತ್ತು. ಈಗೊಂದು ಪರೀಕ್ಷೆ, ಮೂರು ತಿಂಗಳಿಗೆ ಇನ್ನೊಂದು ಅಂತ ಬರೆದುಕೊಟ್ಟೆ. ಹೊರಗೆ ಬಂದು ಭಾವನಿಗೆ ಹೇಳಿದ್ದು ಇಷ್ಟೇ: “ಇವತ್ತು ಇವನಿಂದ ತಗೊಳ್ಳೋಕಾಗಲ್ಲ, ಬೇರೆಯವರು ಬನ್ನಿ.” ಕಾರಣ ಕೇಳಿದರು, ಹೇಳಲಿಲ್ಲ. ಚಿಕ್ಕಪ್ಪ ಅಂಗಿಯ ತೋಳು ಮಡಚಿಕೊಂಡು ಒಳಗೆ ಬಂದರು. ಹುಡುಗ ಚೀಟಿ ಜೇಬಿಗೆ ಹಾಕಿಕೊಂಡು, “ಟೀ ಕುಡಿದು ಬರ್ತೀನಿ ಭಾವ” ಅಂದವನು ಐಸಿಟಿಸಿ ಇರುವ ಕಡೆಗೆ ನಡೆದ.