ಒಂದೇ ಕೇಪಿನ ಕೋವಿ, ದೇಶಕ್ಕೊಂದು ಕಾಯಿದೆ

ಕೇಪಿನ ಕೋವಿಯಲ್ಲಿ ಒಂದು ಈಡು ಹೊಡೆಯಲು ಬೇಕಾಗುವ ಸಿದ್ಧತೆ ಸಣ್ಣದಲ್ಲ. ನಳಿಗೆಯ ಬಾಯಿಯಿಂದ ಅಳತೆಯ ಮದ್ದು ಸುರಿಯಬೇಕು, ಅದರ ಮೇಲೆ ನಾರನ್ನೋ ಬಟ್ಟೆಯ ಚೂರನ್ನೋ ಇಟ್ಟು ಕೋಲಿನಿಂದ ಜಡಿಯಬೇಕು, ಗುಂಡು ಅಥವಾ ಚರೆ ಹಾಕಿ ಮತ್ತೆ ಜಡಿಯಬೇಕು, ಕೊನೆಗೆ ಕೋವಿಯ ಕುದುರೆ, ಅಂದರೆ ಪುಟ್ಟ ಸುತ್ತಿಗೆ, ಬಡಿಯುವ ಜಾಗದಲ್ಲಿ ಕೇಪು, ಅಂದರೆ ಬಡಿದರೆ ಕಿಡಿ ಹಾರುವ ಲೋಹದ ಚಿಕ್ಕ ಟೋಪಿ, ತೊಡಿಸಬೇಕು. ಇಷ್ಟೆಲ್ಲ ಆದ ಮೇಲೂ ಮದ್ದು ತೇವಗೊಂಡಿದ್ದರೆ ಈಡು ಹಾರುವುದಿಲ್ಲ. ಹಾರಿದರೆ ಎದ್ದ ಬಿಳಿಯ ಹೊಗೆ ಗುರಿಯನ್ನೇ ಮರೆಮಾಡುತ್ತದೆ. ಆದರೂ ಅದು ಕೊಲ್ಲಬಲ್ಲ ಕೋವಿಯೇ. ಅದನ್ನು ಆಯುಧವೆಂದು ಎಣಿಸಬೇಕೋ, ಹಳೆಯ ಸಾಮಾನೆಂದು ಬಿಟ್ಟುಬಿಡಬೇಕೋ ಎಂಬ ಪ್ರಶ್ನೆ ಎದುರಾದಾಗ ಒಂದೊಂದು ದೇಶವೂ ಒಂದೊಂದು ಕಡೆ ಗೆರೆ ಎಳೆದಿದೆ. ಆ ಗೆರೆಗಳ ಹಿಂದೆ ಹೋದರೆ ಕಾಣುವುದು ಹೆಚ್ಚಾಗಿ ಆಯಾ ಸರ್ಕಾರ ಒಂದು ಕಾಲದಲ್ಲಿ ಯಾರಿಗೆ ಹೆದರಿತ್ತು ಎಂಬ ಸಂಗತಿ.

ಪೆಟ್ಲುಪ್ಪು ಸುಮಾರು 75 ಪಾಲು, ಇದ್ದಿಲು 15, ಗಂಧಕ 10: ಕಪ್ಪುಮದ್ದಿನ ಪಾಕ ಇಷ್ಟೇ. ಶತಮಾನಗಳ ಕಾಲ ಬಂದೂಕುಗಳೆಲ್ಲವೂ ಇದನ್ನೇ ನೆಚ್ಚಿದ್ದವು. ಉರಿದ ಮೇಲೆ ಇದರ ಅರ್ಧಕ್ಕಿಂತ ಹೆಚ್ಚು ಪಾಲು ಕಿಟ್ಟವಾಗಿ ಮತ್ತು ಹೊಗೆಯಾಗಿ ಉಳಿಯುತ್ತದೆ. ಆ ಕಿಟ್ಟ ಗಾಳಿಯ ತೇವವನ್ನು ಹೀರಿ ನಳಿಗೆಗೆ ತುಕ್ಕು ಹಿಡಿಸುವುದರಿಂದ ಬಿಸಿನೀರಿನಲ್ಲಿ ತೊಳೆಯದೆ ಕೋವಿಯನ್ನು ಮೂಲೆಗಿಡುವಂತಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಹತ್ತಿಪ್ಪತ್ತು ವರ್ಷಗಳೊಳಗೆ ಸೈನ್ಯಗಳು ಕಪ್ಪುಮದ್ದನ್ನು ಕೈಬಿಟ್ಟವು. ಮುಂದೆ ಹಲವು ದೇಶಗಳ ಕಾಯಿದೆಗಳು ‘ಹಳೆಯ ಕೋವಿ’ಗೆ ಗಡಿ ಹಾಕಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಆಸುಪಾಸಿನಲ್ಲೇ.

ಅಮೆರಿಕದಲ್ಲಿ ಆ ಗಡಿ 1898. ಅಧ್ಯಕ್ಷ ಜಾನ್ ಕೆನಡಿಯವರನ್ನು ಕೊಂದ ಬಂದೂಕು ಅಂಚೆಯಲ್ಲಿ ತರಿಸಿಕೊಂಡದ್ದಾಗಿತ್ತು. ಆ ಆಘಾತದ ನಂತರ ಬಂದ 1968ರ ಬಂದೂಕು ನಿಯಂತ್ರಣ ಕಾಯಿದೆ ಅಂಚೆ ಮಾರಾಟವನ್ನು ಬಿಗಿಗೊಳಿಸಿತಾದರೂ, 1898 ಮತ್ತು ಅದಕ್ಕೂ ಹಿಂದೆ ತಯಾರಾದ ಕೋವಿಗಳನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿತು. 1998ರ ತಿದ್ದುಪಡಿ ಹೊಸದಾಗಿ ತಯಾರಾಗುವ, ಬಾಯಿಯಿಂದ ಮದ್ದು ತುಂಬುವ, ತೋಟಾ ಬಳಸಲಾಗದ ಕೋವಿಗಳಿಗೂ ಈ ಸಡಿಲಿಕೆಯನ್ನು ಸ್ಪಷ್ಟಪಡಿಸಿತು. ಕ್ರೀಡೆಗೆಂದು 50 ಪೌಂಡ್‌ವರೆಗಿನ, ಅಂದರೆ ಸುಮಾರು 22.7 ಕಿಲೋ ಕಪ್ಪುಮದ್ದನ್ನು ಒಕ್ಕೂಟ ಸರ್ಕಾರದ ಪರವಾನಗಿಯಿಲ್ಲದೆ ಕೊಳ್ಳಬಹುದು. ರಾಜ್ಯಗಳ ನಿಯಮಗಳು ಬೇರೆ ಇವೆ. ಅಲ್ಲಿ ಬಾಯಿಯಿಂದ ಮದ್ದು ತುಂಬುವ ಕೋವಿಗಳ ಕ್ರೀಡೆಗೆ 1933ರಿಂದಲೂ ರಾಷ್ಟ್ರಮಟ್ಟದ ಸಂಘವಿದೆ.

ಬ್ರಿಟನ್ನಿನ ಕಥೆ ಇದಕ್ಕಿಂತ ತೊಡಕಿನದು. ಮೊದಲನೆಯ ಮಹಾಯುದ್ಧ ಮುಗಿದು, ಮನೆಗೆ ಮರಳಿದ ಸೈನಿಕರ ಕೈಯ ಬಂದೂಕುಗಳ ಬಗ್ಗೆಯೂ ರಷ್ಯಾದ ಮಾದರಿಯ ಕ್ರಾಂತಿಯ ಬಗ್ಗೆಯೂ ಮಂತ್ರಿಮಂಡಲ ಅಂಜಿದ್ದ ಹೊತ್ತಿನಲ್ಲಿ, 1920ರ ಕಾಯಿದೆ ರೈಫಲು ಮತ್ತು ಪಿಸ್ತೂಲುಗಳಿಗೆ ಪೊಲೀಸ್ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. 1996ರಲ್ಲಿ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳೂ ಅವರ ಶಿಕ್ಷಕಿಯೂ ಹತ್ಯೆಯಾದ ಮೇಲೆ ಕೈಬಂದೂಕುಗಳೇ ನಿಷೇಧಕ್ಕೊಳಗಾದವು. ಆದರೆ ಬಾಯಿಯಿಂದ ಮದ್ದು ತುಂಬುವ ಪಿಸ್ತೂಲು ಆ ನಿಷೇಧಕ್ಕೆ ಸೇರಲಿಲ್ಲ. ಪ್ರಮಾಣಪತ್ರ ಪಡೆದು ಅದನ್ನು ಇಟ್ಟುಕೊಳ್ಳಬಹುದು. ಅದೇ ಪಿಸ್ತೂಲು ನಿಜಕ್ಕೂ ಪುರಾತನದ್ದಾಗಿದ್ದು, ಕುತೂಹಲಕ್ಕೋ ಅಲಂಕಾರಕ್ಕೋ ಗೋಡೆಯ ಮೇಲಿದ್ದರೆ ಪ್ರಮಾಣಪತ್ರವೂ ಬೇಡ. ಗೋಡೆಯಿಂದ ಇಳಿಸಿ ಈಡು ಹೊಡೆಯುವ ಉದ್ದೇಶ ಬಂದ ಕ್ಷಣದಲ್ಲಿ ಕಾನೂನಿನ ಕಣ್ಣಿನಲ್ಲಿ ಅದು ಬೇರೆಯೇ ವಸ್ತು. ಮದ್ದಿಗೆ ಪ್ರತ್ಯೇಕವಾದ ಸ್ಫೋಟಕ ಪ್ರಮಾಣಪತ್ರ ಬೇಕು.

ಜರ್ಮನಿ ವರ್ಷದ ಜೊತೆಗೆ ಯಂತ್ರವನ್ನೂ ನೋಡುತ್ತದೆ. 1871ರ ಜನವರಿ 1ಕ್ಕಿಂತ ಹಿಂದಿನ ಮಾದರಿಯ, ಒಂದೇ ನಳಿಗೆಯ, ಒಂದೇ ಈಡಿನ ಕೇಪಿನ ಕೋವಿಯನ್ನು 18 ತುಂಬಿದವರು ಅನುಮತಿಯಿಲ್ಲದೆ ಕೊಳ್ಳಬಹುದು. ಆದರೆ ಅದಕ್ಕೆ ಹಾಕುವ ಮದ್ದಿಗೆ ತರಬೇತಿ ಪಡೆದು, ಪರೀಕ್ಷೆ ಕೊಟ್ಟು, ಸ್ಫೋಟಕ ಕಾಯಿದೆಯಡಿ ಪರವಾನಗಿ ಪಡೆಯಬೇಕು. ಕೋವಿಗೆ ಇಲ್ಲದ ಬೀಗವನ್ನು ಮದ್ದಿಗೆ ಹಾಕಿದ ಈ ಕ್ರಮ ನನಗೆ ಇವೆಲ್ಲದರಲ್ಲಿ ಹೆಚ್ಚು ಯೋಚಿಸಿ ಮಾಡಿದ್ದೆನಿಸುತ್ತದೆ.

ಭಾರತದಲ್ಲಿ ಪ್ರಶ್ನೆ ಕೋವಿ ಎಷ್ಟು ಹಳೆಯದು ಎಂಬುದರಿಂದ ಶುರುವಾಗಲಿಲ್ಲ, ಅದು ಯಾರ ಕೈಯಲ್ಲಿದೆ ಎಂಬುದರಿಂದ ಶುರುವಾಯಿತು. 1857ರ ದಂಗೆಯ ನಡುವೆಯೇ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ತಂದಿತು. ಬೇಟೆಯೇ ಬದುಕಾಗಿದ್ದ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ನಿಂತರು. ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲರ ಹೆಸರುಗಳು ಕನ್ನಡ ಶಾಲೆಗಳಲ್ಲಿ ಓದಿದವರಿಗೆ ಲಾವಣಿಯ ಮೂಲಕ ಪರಿಚಿತವೇ. ಆ ಲಾವಣಿಯ ಹಿಂದೆ ಇದ್ದದ್ದು ಒಂದು ಬಂದೂಕು ಕಾಯಿದೆ ಎಂಬುದು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ಅದಾಗಿ ನಾಲ್ಕು ವರ್ಷವೂ ತುಂಬುವ ಮೊದಲು, 1861ರಲ್ಲಿ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರನ್ನು ಅದೇ ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟರು. ನಿಷ್ಠೆಗೂ ಶೌರ್ಯಕ್ಕೂ ಸಂದ ಗೌರವವೆಂದು ಅದನ್ನು ಬಣ್ಣಿಸಲಾಯಿತು. ಬೇಡರ ಶೌರ್ಯವೇನೂ ಕಡಿಮೆಯದಾಗಿರಲಿಲ್ಲ; ಸರ್ಕಾರ ತೂಗಿದ್ದು ನಿಷ್ಠೆಯನ್ನು. 1878ರಲ್ಲಿ ವೈಸರಾಯ್ ಲಿಟ್ಟನ್ನನ ಕಾಲದ ಆಯುಧ ಕಾಯಿದೆ ಇದೇ ತಕ್ಕಡಿಯನ್ನು ಇಡೀ ದೇಶಕ್ಕೆ ಹಿಡಿಯಿತು: ಭಾರತೀಯರಿಗೆ ಲೈಸೆನ್ಸು, ಯುರೋಪಿಯನ್ನರಿಗೆ ವಿನಾಯಿತಿ.

ಈ ಅವಮಾನ ಎಷ್ಟು ಆಳವಾಗಿತ್ತೆಂದರೆ 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ಒಪ್ಪಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಸಂವಿಧಾನಕ್ಕೆ ಸೇರಿಸಲು ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಆಯುಧವೆಂಬುದು ಹಕ್ಕಾಗದೆ ಲೈಸೆನ್ಸಿನ ವಿಷಯವಾಗಿಯೇ ಉಳಿಯಿತು.

1959ರ ಆಯುಧ ಕಾಯಿದೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಪುರಾತನವಸ್ತುವಾಗಿ ನೋಡಲಿಲ್ಲ, ರೈತನ ಸಾಧನವಾಗಿ ನೋಡಿತು. ಹಳೆಯ ಮಾದರಿಯ ಕೋವಿ ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟಿದ್ದರೆ ಮಾತ್ರ ಅದಕ್ಕೆ ಕಾಯಿದೆಯಿಂದ ಬಿಡುಗಡೆ. ಹಾರುವಂತಿದ್ದರೆ, ಅಜ್ಜನ ಕಾಲದ್ದಾದರೂ ಲೈಸೆನ್ಸು ಬೇಕು. 13ನೆಯ ಕಲಮು ನಿಜವಾದ ಬೆಳೆರಕ್ಷಣೆಗಾಗಿ ಇಂಥ ಕೋವಿಗೆ ಲೈಸೆನ್ಸು ಕೊಡಬೇಕೆಂದು ಹೇಳಿ, ಇದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಕೋವಿಯನ್ನೂ ಕೊಡಬಹುದೆಂದು ಸೇರಿಸುತ್ತದೆ. ಮಲೆನಾಡಿನ ಗದ್ದೆ ತೋಟಗಳಲ್ಲಿ ಹಂದಿ ಮಂಗಗಳನ್ನು ಬೆದರಿಸುವ ಕೋವಿಗಳು ಹೆಚ್ಚಾಗಿ ಈ ಬೆಳೆರಕ್ಷಣೆಯ ಲೈಸೆನ್ಸಿನವೇ. ಚುನಾವಣೆ ಬಂದಾಗ ಅವುಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಸೂಚನೆಯ ಬಗ್ಗೆ ರೈತರ ಗೊಣಗಾಟ ಪ್ರತಿಸಲವೂ ಕೇಳಿಬರುತ್ತದೆ.

ಕಬ್ಬನ್ ಕಾಲದ ವಿನಾಯಿತಿ ಮಾತ್ರ ಸ್ವಾತಂತ್ರ್ಯವನ್ನೂ ದಾಟಿ ಬಂದಿದೆ. ಕೊಡವ ಜನಾಂಗದವರಿಗೂ, ಜಾತಿ ಯಾವುದೇ ಇದ್ದರೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಹಿಡುವಳಿ) ಹಿಡುವಳಿದಾರರಿಗೂ ಇಂದಿಗೂ ಲೈಸೆನ್ಸು ಬೇಡ, ವಿನಾಯಿತಿ ಪತ್ರ ಸಾಕು. ಆಯುಧಹಬ್ಬವಾದ ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆ, ಸುಗ್ಗಿಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು, ಸಾವಿನ ಮನೆಯಿಂದ ಊರಿಗೆ ಸುದ್ದಿ ಮುಟ್ಟಿಸಲು ಈಡು: ಅಲ್ಲಿ ತೋಕ್, ಅಂದರೆ ಕೋವಿ, ಮನೆಯ ಸದಸ್ಯನಂತೆ. ಒಂದು ಜನಾಂಗಕ್ಕೆ ಮತ್ತು ಒಂದು ಬಗೆಯ ಭೂಮಿಗೆ ಕೊಟ್ಟ ಈ ರಿಯಾಯಿತಿ ಸಮಾನತೆಗೆ ವಿರುದ್ಧವೆಂದು ಹೈಕೋರ್ಟಿಗೆ ಅರ್ಜಿ ಹೋಯಿತು. ಪ್ರಶ್ನೆ ನ್ಯಾಯವಾದದ್ದೇ ಎಂದು ನನಗನಿಸುತ್ತದೆ, ಹಲಗಲಿಯನ್ನು ನೆನೆದರೆ ಇನ್ನೂ ಹೆಚ್ಚು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. 2019ರ ಕೇಂದ್ರ ಅಧಿಸೂಚನೆಯಂತೆ ಅದರ ಈಗಿನ ಅವಧಿ 2029ರ ಅಕ್ಟೋಬರ್ 31ರವರೆಗೆ ಇದೆ.